ಎಂಟು ಕಾಲಿನ ಹಕ್ಕಿ

ಬಚ್ಚಲ ಬಾಗಿಲಲ್ಲಿಟ್ಟ ತಂಬಿಗೆ ಭಾಗಪ್ಪನ ಕಾಲಿಗೆ ತಾಗಿ ಉರುಳಿತು, ನೀರು ಪಡಸಾಲೆಯವರೆಗೂ ಹರಿಯಿತು. ತಂಬಿಗೆ ದಿನಾ ಅಲ್ಲೇ ಇರುತ್ತದೆ, ಎಡಕ್ಕೆ, ಗೋಡೆಗೆ ಆತುಕೊಂಡು; ಅದು ಅವನಿಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಕಾಣಲಿಲ್ಲ. ಬೈಸಿಕೊಳ್ಳಲು ತಯಾರಾಗಿ ನಿಂತ. ಹೆಂಡತಿ ಚಂದ್ರಾಬಾಯಿ ಒಲೆಯ ಮುಂದಿನಿಂದ ಎದ್ದು ಬಂದಳು, ನೆಲ ಒರೆಸಿದಳು, ತಂಬಿಗೆಯನ್ನು ಮತ್ತೆ ತುಂಬಿ ಈ ಸಲ ಅವನ ಕೈಗೇ ಕೊಟ್ಟಳು. ಒಂದು ಮಾತಾಡಲಿಲ್ಲ. ಚಹಾದ ಬಟ್ಟಲು ಇಟ್ಟಲ್ಲಿ ಇಡದಿದ್ದರೆ ನಾಲ್ಕು ಮನೆಗೆ ಕೇಳುವಂತೆ ಒದರುತ್ತಿದ್ದವಳು ಈಗ ಕೆಲವು ತಿಂಗಳಿಂದ ಅವನು ಏನು ಎಡವಿದರೂ, ಏನು ಒಡೆದರೂ ಸುಮ್ಮನಿದ್ದುಬಿಡುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು, ಇದಕ್ಕೇನು ಕೊಡುವುದು? “ತಂಬಿಗಿ ಇಡಾಕ ನಿನಗ ಬ್ಯಾರೆ ಜಾಗಾನ ಸಿಗಲಿಲ್ಲೇನ?” ಎಂದು ತಾನೇ ಜಗಳ ತೆಗೆದ. “ನಾಳಿಂದ ಬ್ಯಾರೆ ಕಡೆ ಇಡತೀನ್ರಿ” ಎಂದು ಅವಳು ಒಲೆಗೆ ಮರಳಿದಳು. ಜಗಳ ಅಲ್ಲಿಗೇ ಸತ್ತುಹೋಯಿತು. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಭಾಗಪ್ಪನಿಗೆ ದಿನ ಇನ್ನೂ ಶುರುವಾಗುವ ಮೊದಲೇ ಮುಗಿದಷ್ಟು ದಣಿವಾಯಿತು. ಗೋಡೆಯ ಪಟದಲ್ಲಿ ಬುದ್ಧ ಅರ್ಧ ಕಣ್ಣು ಮುಚ್ಚಿ ಕೂತಿದ್ದ. ಅವನದೇನು, ಅವನಿಗೆ ಬಸ್ಸು ಓಡಿಸುವುದಿರಲಿಲ್ಲ.

ವಿಜಯಪುರದಿಂದ ತೊರವಿ, ಟಿಕೋಟಾ, ಅಲ್ಲಿಂದ ಒಳರಸ್ತೆ ಹಿಡಿದು ಜೈನಾಪುರ, ಕೊನೆಗೆ ಬಬಲೇಶ್ವರ. ನೆಟ್ಟಗೆ ಹೋದರೆ ಬೇಗ ಮುಟ್ಟುವ ಊರಿಗೆ ಇಷ್ಟೆಲ್ಲ ಸುತ್ತು ಹಾಕಿ ಹೋಗುವ ಬಸ್ಸು ಅವನದು. ಅವಸರ ಇದ್ದವರು ಅದನ್ನು ಹತ್ತುತ್ತಿರಲಿಲ್ಲ. ವರ್ಷಗಟ್ಟಲೆ ಅದೇ ದಾರಿ ಓಡಿಸಿ ಯಾವ ತಿರುವಿನಲ್ಲಿ ಎಷ್ಟು ಗುಂಡಿ, ಯಾವ ತೋಟದ ನಾಯಿ ಎಲ್ಲಿಯತನಕ ಬೆನ್ನಟ್ಟುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಈಚೆಗೆ ಆ ದಾರಿ ಅಗಲ ಕಳೆದುಕೊಂಡಂತೆ ಅನಿಸುತ್ತಿತ್ತು. ಮುಂದೆ ನೋಡಿದರೆ ಡಾಂಬರು ಸ್ವಚ್ಛ ಕಾಣುತ್ತದೆ, ದೂರದ ಲಾರಿಯ ಹಣೆಯ ಮೇಲೆ ಬರೆದ ದೇವರ ಹೆಸರೂ ಓದಲು ಬರುತ್ತದೆ. ಆದರೆ ಎಲ್ಲವನ್ನೂ ಅರ್ಧ ತೆರೆದ ಬಾಗಿಲಿನಿಂದ ಇಣುಕಿ ನೋಡಿದ ಹಾಗೆ. ಆ ಬಾಗಿಲಿನ ಎರಡೂ ಪಕ್ಕದಿಂದ ಮಂದಿ ಧುತ್ತೆಂದು ಬರುತ್ತಾರೆ. ಎಲ್ಲಿಯೂ ಇಲ್ಲದ ಸೈಕಲ್ಲು ಒಮ್ಮೆಲೇ ಬಂಪರಿನ ಮುಂದೆ ಇರುತ್ತದೆ. ಮಂದಿಗೆ ಬುದ್ಧಿ ಇಲ್ಲ, ರಸ್ತೆಯ ಮೇಲೆ ನಡೆಯುವ ರೀತಿಯೇ ಗೊತ್ತಿಲ್ಲ, ಎಲ್ಲರೂ ಕಿವಿಗೆ ಮೊಬೈಲು ಸಿಗಿಸಿಕೊಂಡು ಸಾಯಲು ಹೊರಟಿದ್ದಾರೆ ಎಂದು ಅವನು ಬೈಯುತ್ತಿದ್ದ. ಬೈಯುವಾಗ ಸಮಾಧಾನವಾಗುತ್ತಿತ್ತು. ಬೈದು ಮುಗಿದ ಮೇಲೆ ಆ ಸೈಕಲ್ಲು ಇನ್ನೂ ಓಡುತ್ತಿದೆಯೇ ಎಂದು ಕನ್ನಡಿಯಲ್ಲಿ ಹುಡುಕುತ್ತಿದ್ದ.

ತೊರವಿಯಲ್ಲಿ ಕಾಲೇಜಿನ ಹುಡುಗಿಯರು ಇಳಿದರು. ಅವರ ನಗು, ಬ್ಯಾಗು, ಬಾಗಿಲಿನ ಸದ್ದು ಎಲ್ಲ ಮುಗಿದ ಮೇಲೆ ಕಂಡಕ್ಟರ್ ಮಹಾನಂದಾ ಟಿಕೀಟಿನ ಮಷೀನು ಹೆಗಲಿಗೇರಿಸಿಕೊಂಡು ಮುಂದೆ ಬಂದು ಎಡಗಡೆಯ ಬಾಗಿಲಿನ ಕಂಬ ಹಿಡಿದು ನಿಂತಳು. ಅಲ್ಲಿ ನಿಂತಳೆಂದರೆ ಅವಳ ಬಾಯಿಗೆ ಬಿಡುವಿಲ್ಲ. “ಎಡಕ್ಕ ಹುಡುಗೋರ ಹಿಂಡ ಹೊಂಟದ ನೋಡ್ರಿ ಕಾಕಾ, ಜಾತ್ರಿ ಆಗೇದ.” “ಅಯ್ಯ, ಈ ಹಾಲಿನ ಗಾಡಿಯಾಂವ ಎಷ್ಟ ಒಳಗ ಬಂದಾನ!” “ಎಮ್ಮಿ ನೋಡ್ರಿ ಆಕಡಿ, ಎಷ್ಟ ಚಂದ ಅದ.” ಎಮ್ಮೆಯಲ್ಲಿ ಚಂದ ನೋಡುವ ಹೆಂಗಸನ್ನು ಭಾಗಪ್ಪ ಮೊದಲ ಸಲ ಕಂಡಿದ್ದ. ಡ್ಯೂಟಿಗೆ ಸೇರಿದ ಹೊಸದರಲ್ಲಿ ಅವಳು ಬಾಯಿ ಬಿಟ್ಟವಳೇ ಅಲ್ಲ. ಕುಡಿದವನೊಬ್ಬ ಅವಳ ಕೈ ಹಿಡಿದಾಗಲೂ ಸುಮ್ಮನೆ ನಡುಗುತ್ತ ನಿಂತಿದ್ದಳು. ಭಾಗಪ್ಪನೇ ಬಸ್ಸು ನಿಲ್ಲಿಸಿ ಆ ಮನುಷ್ಯನನ್ನು ಕೊರಳಪಟ್ಟಿ ಹಿಡಿದು ಇಳಿಸಿದ್ದ. ಅಂಥವಳು ಹೋದ ದೀಪಾವಳಿಯಿಂದೀಚೆಗೆ ಹೀಗೆ ಮಾತಿನ ಮಲ್ಲಿ ಆಗಿಬಿಟ್ಟಿದ್ದಳು. ಗಂಡನ ಮನೆಯಲ್ಲಿ ಮಾತಾಡಲು ಬಿಡುವುದಿಲ್ಲವೇನೋ ಪಾಪ, ಇಲ್ಲಿ ಬಂದು ಚೀಲ ಬಿಚ್ಚುತ್ತಾಳೆ ಎಂದು ಅವನು ಹೂಂಗುಡುತ್ತಿದ್ದ. ಒಮ್ಮೊಮ್ಮೆ ತಲೆ ಸಿಡಿಯುತ್ತಿತ್ತು. ಸಂಜೆಯಾದರೆ ಎದುರು ಬರುವ ದೀಪಗಳ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಿತ್ತು, ಹುಬ್ಬಿನ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ನೋವು. ಡಾಕ್ಟರಿಗೆ ತೋರಿಸಬಹುದಿತ್ತು. ತೋರಿಸಿದರೆ ಡಾಕ್ಟರು ಏನಾದರೂ ಹೇಳುತ್ತಾನೆ. ಹೇಳದಿದ್ದರೆ ಅವನೇಕೆ ಡಾಕ್ಟರು? ಆದ್ದರಿಂದ ತೋರಿಸಿರಲಿಲ್ಲ.

ಕಣ್ಣು ಹೋಗಿಲ್ಲ ಎಂಬುದಕ್ಕೆ ಅವನ ಹತ್ತಿರ ಸಾಕ್ಷಿಯಿತ್ತು. ವರ್ಷದ ತಪಾಸಣೆಯಲ್ಲಿ ಗೋಡೆಗೆ ಹಚ್ಚಿದ ಅಕ್ಷರಗಳನ್ನು ದೊಡ್ಡದರಿಂದ ಹಿಡಿದು ಇರುವೆಯಂಥ ಕೊನೆಯ ಸಾಲಿನತನಕ ಎಡವದೆ ಓದಿದ್ದ. ತಪಾಸಣೆ ಮಾಡಿದವರು “ಹದ್ದಿನ ಕಣ್ಣದಾವ ನಿಮ್ಮವು” ಎಂದಿದ್ದರು. ಆ ಮಾತನ್ನು ಅವನು ಬಹಳ ದಿನ ಹಲ್ಲಿನ ಸಂದಿಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಂತೆ ಇಟ್ಟುಕೊಂಡಿದ್ದ. ಇನ್ನೊಂದು ಸಾಕ್ಷಿಯನ್ನು ಯಾರಿಗೂ ಹೇಳಿರಲಿಲ್ಲ, ಅದು ಕೆರೆಯಲ್ಲಿತ್ತು. ಜೈನಾಪುರ ದಾಟಿದ ಮೇಲೆ ಒಂದು ಕೆರೆ ಬರುತ್ತದೆ. ಅವನು ಚಿಕ್ಕಂದಿನಿಂದ ನೋಡಿದಂತೆ ಅದರಲ್ಲಿ ಜಾಲಿಮುಳ್ಳು ಬಿಟ್ಟರೆ ಏನೂ ಇರಲಿಲ್ಲ. ಕಾಲುವೆಯ ನೀರು ಬಿಟ್ಟ ಮೇಲೆ ಕೆರೆ ತುಂಬಿತು, ತುಂಬಿದ ಮೇಲೆ ಅಂತರಗಂಗೆ ಬಂತು, ತಾವರೆ ಬಂತು, ಅವುಗಳ ಹಿಂದೆ ಈ ಹಕ್ಕಿ ಬಂತು. ಕರಿ ಮೈ, ಕಂಚಿನ ಬಣ್ಣದ ರೆಕ್ಕೆ, ಕಾಲಿನ ಬೆರಳು ಮಾತ್ರ ಮೈಗೆ ಹೊಂದದಷ್ಟು ಉದ್ದ. ಆ ಬೆರಳುಗಳನ್ನು ಅಗಲಿಸಿ ಇಟ್ಟು ತೇಲುವ ಎಲೆಗಳ ಮೇಲೆ ಅದು ಅಂಗಳದಲ್ಲಿ ನಡೆದಂತೆ ನಡೆಯುತ್ತಿತ್ತು. ಕ್ಯಾಮೆರಾ ಹಿಡಿದು ಬಂದಿದ್ದ ಯಾರೋ ಅದಕ್ಕೆ ದೇವನಕ್ಕಿ ಅನ್ನುತ್ತಾರೆಂದು ಮಹಾನಂದಾಳಿಗೆ ಹೇಳಿದ್ದ. ಹಳೆಯ ಬಸ್ಸು, ಏರಿ ಹತ್ತುವಷ್ಟರಲ್ಲಿ ಇಂಜಿನು ಕುದಿಯುತ್ತದೆ, ಆದ್ದರಿಂದ ಕೆರೆಯ ಏರಿಯ ಮೇಲೆ ನಿಲ್ಲಿಸಿ ಕೊಡದಲ್ಲಿ ನೀರು ತಂದು ಹಾಕುವುದು ವಾಡಿಕೆಯಾಗಿತ್ತು. ನೀರು ಹಾಕುವ ನೆಪದಲ್ಲಿ ಭಾಗಪ್ಪ ಹಕ್ಕಿಯನ್ನು ಹುಡುಕುತ್ತಿದ್ದ. ಅದರ ಕಣ್ಣ ಮೇಲೆ ಹುಬ್ಬಿನಂತೆ ಒಂದು ಬಿಳಿ ಪಟ್ಟಿಯಿತ್ತು. ಆ ಪಟ್ಟಿ ಕಂಡರೆ ಆ ದಿನಕ್ಕೆ ಅವನು ಪಾಸು. ಗೋಡೆಯ ಅಕ್ಷರವನ್ನಾದರೆ ಯಾರಾದರೂ ಬಾಯಿಪಾಠ ಮಾಡಿಯಾರು, ಇದು ನಡೆದಾಡುವ ಅಕ್ಷರ, ಇದರಲ್ಲಿ ಮೋಸವಿಲ್ಲ ಎಂದು ಅವನ ಲೆಕ್ಕ. ಪಟ್ಟಿ ದಿನಾ ಕಾಣುತ್ತಿತ್ತು. ದಿನಾ ಅವನು ಸಮಾಧಾನದ ಉಸಿರು ಬಿಟ್ಟು ಸೀಟಿಗೇರುತ್ತಿದ್ದ. ಪಾಪ, ನಡುವೆ ಇದ್ದುದನ್ನೇ ಮತ್ತೆ ಮತ್ತೆ ನೋಡಿ ಪಾಸಾಗುತ್ತಿದ್ದೇನೆ, ಕೆಟ್ಟಿದ್ದು ನೋಟದ ಅಂಚು ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆಯಗೊಡಲಿಲ್ಲ ಎಂದರೂ ತಪ್ಪಲ್ಲ.

ಟಿಕೋಟಾ ದಾಟಿ ಒಳರಸ್ತೆಗೆ ತಿರುಗಿದೊಡನೆ ಅವನು ಗೇರು ಇಳಿಸಿದ. ಅಲ್ಲಿಗೆ ಬಂದರೆ ಕೈ ತಾನಾಗಿ ಗೇರು ಇಳಿಸುತ್ತದೆ. ಹೋದ ತಿಂಗಳು ಅಲ್ಲಿಯೇ ಎಡಗಡೆಯ ಗಾಲಿಯ ಕೆಳಗೆ ಏನೋ ಮೆತ್ತಗೆ ಸಿಕ್ಕಿತ್ತು. ಇಳಿದು ನೋಡಿದರೆ ಕುರಿಮರಿ. ಕುರಿ ಕಾಯುವ ಗೊಲ್ಲಾಳಪ್ಪ ಕೋಲೂರಿಕೊಂಡು ಓಡಿ ಬಂದ. ಅವನು ಬಾಯಿ ತೆರೆಯುವ ಮೊದಲೇ ಭಾಗಪ್ಪ ಏರುದನಿಯಲ್ಲಿ ಶುರು ಮಾಡಿದ್ದ: ಕುರಿ ಕಾಯುವ ರೀತಿಯೇ ಇದು, ರಸ್ತೆ ಅಂದರೆ ಗೋಮಾಳವೇ, ಹಾರಿ ಬಂದರೆ ನಾನೇನು ಮಾಡಲಿ. ಬಸ್ಸಿನ ಮಂದಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಮಹಾನಂದಾ ಬಾಗಿಲಲ್ಲಿ ನಿಂತು, ಯಾರೂ ಕೇಳುವ ಮೊದಲೇ, “ಕುರಿನ ಹಾರಿ ಬಂತ್ರಿ, ನಾ ನೋಡೇನಿ” ಎಂದಳು. ಗೊಲ್ಲಾಳಪ್ಪ ಇಬ್ಬರ ಮುಖವನ್ನೂ ನೋಡಿದ. ಭಾಗಪ್ಪ ಜೇಬಿಗೆ ಕೈ ಹಾಕಿದಾಗ ಬೇಡವೆಂದು ತಲೆಯಾಡಿಸಿ, ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು, ಬೇಲಿ ಹಿಡಿದುಕೊಂಡು ಹೋದ. ಅವನು ಒಂದು ಮಾತು ಬೈಯಲಿಲ್ಲ. ಅವನೂ ಬೈಯಲಿಲ್ಲ, ಚಂದ್ರಾಬಾಯಿಯೂ ಬೈಯುವುದಿಲ್ಲ. ಯಾರೂ ಬೈಯದ ಮನುಷ್ಯನಾಗಿಬಿಟ್ಟೆನಲ್ಲ ಎಂದು ಭಾಗಪ್ಪನಿಗೆ ಅನಿಸಿತು. ಬೈಯದಿರುವುದು ಯಾರಿಗೆ? ಹುಚ್ಚರಿಗೆ, ಸಾಯಬಿದ್ದವರಿಗೆ. ಅಂದು ಮಧ್ಯಾಹ್ನ ಅವನು ಊಟದ ಡಬ್ಬಿ ಬಿಚ್ಚಿ ಹಾಗೆಯೇ ಮುಚ್ಚಿಟ್ಟಿದ್ದ. ಕುರಿಮರಿಯ ಜಾಗದಲ್ಲಿ ಶಾಲೆಗೆ ಹೊರಟ ಕೂಸು ಇದ್ದಿದ್ದರೆ ಎಂಬ ಮಾತು ಅಂದಿನಿಂದ ಅವನ ಜೊತೆಗೇ ಡ್ಯೂಟಿಗೆ ಬರುತ್ತಿತ್ತು, ಜೊತೆಗೇ ಮನೆಗೆ ಮರಳುತ್ತಿತ್ತು.

ಕೆರೆಯ ಏರಿ ಬಂತು. ಬಸ್ಸು ನಿಲ್ಲಿಸಿ ಕೊಡ ಹಿಡಿದು ಇಳಿದ. ಶ್ರಾವಣದ ಮೋಡ, ಬಿಸಿಲು ಇರಲಿಲ್ಲ, ಕಣ್ಣಿಗೆ ಹಿತವಾದ ಬೆಳಕಿತ್ತು. ಮೆಟ್ಟಿಲ ಹತ್ತಿರ ಬಾಗಿ ಕೊಡ ಅದ್ದಿದಾಗ ಹಕ್ಕಿ ಹುಡುಕುವ ಕೆಲಸವೇ ಬೀಳಲಿಲ್ಲ, ಅದು ನಾಲ್ಕು ಮಾರು ದೂರದಲ್ಲಿ ಎಲೆಯ ಮೇಲೆಯೇ ಇತ್ತು. ಬಿಳಿ ಹುಬ್ಬು ಕಂಡಿತು. ಪಾಸು ಎಂದುಕೊಂಡ. ಆಮೇಲೆ ಕಾಲು ನೋಡಿದ. ಎರಡು ಕಾಲು ಎಲೆಯ ಮೇಲಿದ್ದವು, ಸರಿ. ಆದರೆ ರೆಕ್ಕೆಯ ಕೆಳಗಿನಿಂದ ಇನ್ನೆರಡು ಜೋತಾಡುತ್ತಿದ್ದವು. ಅವುಗಳ ಹಿಂದೆ ಮತ್ತೆ ಎರಡು. ಆಚೆ ಬದಿಗೆ ಇನ್ನೂ ಎರಡು. ಕಣ್ಣು ಮುಚ್ಚಿ, ತೋಳಿನಿಂದ ಒರೆಸಿಕೊಂಡು, ತೆರೆದು ನೋಡಿದ. ಹಕ್ಕಿ ಗೂನು ಬಿದ್ದ ಹಾಗೆ ಬೆನ್ನು ಉಬ್ಬಿಸಿ ಮೆಲ್ಲಗೆ ನಡೆಯುತ್ತಿತ್ತು, ನಡೆದಂತೆ ಆ ಹೆಚ್ಚಿನ ಕಾಲುಗಳು ಅಲ್ಲಾಡುತ್ತಿದ್ದವು. ಎಂಟು ಕಾಲು. ದೇವರು ಯಾವ ಹಕ್ಕಿಗೂ ಎಂಟು ಕಾಲು ಕೊಟ್ಟಿಲ್ಲ. ಕೊಡದಲ್ಲಿ ತುಂಬಿದ ನೀರು ತೋಳಿಗೆ ಭಾರವಾಗಿ ಎಳೆಯುತ್ತಿತ್ತು, ಅವನಿಗೆ ಎತ್ತಬೇಕೆಂದು ತೋಚಲಿಲ್ಲ.

ಒಂದು ಕಾಲಕ್ಕೆ ಡ್ರೈವರನಾಗಿದ್ದ ಶಿವಶರಣಪ್ಪ ಡಿಪೋದಲ್ಲಿ ಎಲ್ಲರಿಗೂ ಹೇಳುತ್ತಿದ್ದ: ಒಂದು ಇದ್ದದ್ದು ಎರಡಾಗಿ ಕಂಡ ದಿನ ಸ್ಟೇರಿಂಗ್ ಬಿಡಬೇಕು, ಮರುದಿನಕ್ಕೆ ಇಡಬಾರದು. ಶಿವಶರಣಪ್ಪ ಅದನ್ನು ಕಲಿತದ್ದು ತಡವಾಗಿ, ಒಂದು ಟ್ರ್ಯಾಕ್ಟರು ಎರಡಾಗಿ ಕಂಡು, ಎರಡರ ನಡುವೆ ದಾರಿಯಿದೆ ಎಂದು ಬಸ್ಸು ನುಗ್ಗಿಸಿದ ಮೇಲೆ. ಮಂದಿ ಉಳಿದರು, ಅವನ ಡ್ರೈವರಕಿ ಉಳಿಯಲಿಲ್ಲ. ಈಗ ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಡ್ಡಗೋಲು ಎತ್ತುತ್ತಾನೆ, ಇಳಿಸುತ್ತಾನೆ. ಹಳೆಯ ಗೆಳೆಯರು ಬಸ್ಸಿನಿಂದಲೇ ಕೈ ಎತ್ತಿ ಹೋಗುತ್ತಾರೆ. ಭಾಗಪ್ಪನೂ ಹಾಗೆಯೇ ಹೋಗಿದ್ದಾನೆ. ಒಮ್ಮೆಯೂ ಇಳಿದು ಅವನ ಹತ್ತಿರ ಕೂತಿಲ್ಲ, ಕೂತರೆ ಆ ಕುರ್ಚಿ ತನಗೂ ಅಂಟಿಕೊಂಡೀತೆಂದು ಹೆದರಿ. ಮನೆತನದಲ್ಲಿ ಸರಕಾರದ ಪಗಾರ ಕಂಡವನು ಭಾಗಪ್ಪನೇ ಮೊದಲಿಗ. ಈ ದಾರಿಯ ಹಳ್ಳಿಗಳಲ್ಲಿ ಅವನ ಅಪ್ಪನನ್ನು ಮಂದಿ ಹೆಸರು ಹಿಡಿದು ಕೂಡ ಕರೆಯುತ್ತಿರಲಿಲ್ಲ; ಅದೇ ಮನೆಗಳ ಮಂದಿ ಇವನನ್ನು ಡ್ರೈವರ ಸಾಹೇಬರು ಅನ್ನುತ್ತಾರೆ. ಸ್ಟೇರಿಂಗ್ ಬಿಟ್ಟರೆ ಸಾಹೇಬ ಎಂಬುದೂ ಬಿಡುತ್ತದೆ. ಉಳಿಯುವುದು ಕುರ್ಚಿ, ಅಡ್ಡಗೋಲು, ದೂರದಿಂದ ಎತ್ತಿದ ಕೈಗಳು.

“ಯಾಕ್ರಿ ಕಾಕಾ, ಕೊಡದಾಗ ಮೀನ ಬಂತೇನು?” ಎನ್ನುತ್ತ ಮಹಾನಂದಾ ಮೆಟ್ಟಿಲಿಳಿದು ಬಂದಳು.

“ಇಲ್ಲಿ ಬಾ. ಆ ಹಕ್ಕಿಗೆ ಎಷ್ಟ ಕಾಲ ಅದಾವ ನೋಡಿ ಹೇಳು.”

ಅವಳು ಬಗ್ಗಿ ನೋಡಿ ನಕ್ಕಳು. “ಎಂಟ ಅದಾವಲ್ರಿ! ಮರಿ ಹೊತಗೊಂಡದರಿ ಕಾಕಾ ಅದು. ರೆಕ್ಕಿ ಬುಡಕ ಸಿಗಸಿಕೊಂಡು ನಡದದ. ಜೋತಾಡಾಕತ್ತಾವಲ್ಲ, ಅವು ಮರಿ ಕಾಲ. ಮತ್ತ ಅದು ಅವ್ವ ಅಲ್ಲಂತ, ಅಪ್ಪ ಅಂತ. ಅವ್ವ ತತ್ತಿ ಇಟ್ಟು ತನ್ನ ದಾರಿ ಹಿಡಿತಾಳಂತ, ಆ ಕ್ಯಾಮೆರಾದಾಂವ ಹೇಳಿದ್ದ.”

ಭಾಗಪ್ಪ ಅವಳ ಮುಖ ನೋಡಿದ. ಹಕ್ಕಿ ಮರಿಗಳನ್ನು ಬಗಲಲ್ಲಿ ಸಿಗಿಸಿಕೊಂಡು ನೀರಿನ ಮೇಲೆ ನಡೆಯುತ್ತದೆ, ಅದೂ ಗಂಡು ಹಕ್ಕಿ! ರಚ್ಚೆ ಹಿಡಿದ ಕೂಸಿಗೂ ಹೀಗೆ ಹೇಳಿದರೆ ನಂಬುವುದಿಲ್ಲ. ಆದರೆ ಅವನನ್ನು ತಡೆದು ನಿಲ್ಲಿಸಿದ್ದು ಮಾತಲ್ಲ, ಆ ಮಾತು ಬಂದ ವೇಗ. ಕೇಳಿದ ಕೂಡಲೇ, ಹುಡುಕದೆ, ನಗುತ್ತ ಬಂದ ಮಾತು. ಕುರಿನ ಹಾರಿ ಬಂತ್ರಿ, ನಾ ನೋಡೇನಿ ಎಂದದ್ದೂ ಇದೇ ದನಿ, ಇದೇ ವೇಗ.

“ಖರೇ ಹೇಳು, ಮಹಾನಂದಾ.”

“ಖರೇನರಿ. ನನ್ನಾಣಿ.”

“ಹಂಗಾರ ಆ ಕುರಿಮರಿ? ಅದು ಹಾರಿ ಬಂದಿತ್ತೇನು?”

ಅವಳ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು, ಹೋಗುವುದನ್ನು ಮರೆತ ಹಾಗೆ. ಏರಿಯ ಮೇಲೆ ಬಸ್ಸಿನ ಮಂದಿ ಹೊತ್ತಾಯಿತೆಂದು ಗೊಣಗುತ್ತಿದ್ದರು. ಅವಳು ಸೆರಗಿನ ತುದಿಯನ್ನು ಮಷೀನಿನ ಪಟ್ಟಿಗೆ ಸುತ್ತಿದಳು, ಬಿಚ್ಚಿದಳು.

“ಇಲ್ರಿ ಕಾಕಾ. ಅದು ಅದರ ಪಾಡಿಗೆ ಬೇಲಿ ಹಿಡಕೊಂಡು ಹೊಂಟಿತ್ರಿ. ನಾವ ಅದರ ಮ್ಯಾಲೆ ಹೋದ್ವಿ.”

ನಾವು ಎಂದಳು. ನೀವು ಎಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ಯಾವಾಗಿಂದ ಗೊತ್ತ ನಿನಗ?”

“ದೀಪಾವಳಿ ಆದ ಮ್ಯಾಲಿಂದರಿ. ಮುಂದಿಂದು ನಿಮಗ ಚಂದ ಕಾಣತದ. ಬಾಜೂದ್ದು ಕಾಣಾಂಗಿಲ್ಲ. ಅದಕ್ಕ ನಾ ಬಾಗಲಾಗ ನಿಂತು ಒದರಾಕ ಹತ್ತಿದ್ನಿ.” ಅವಳ ದನಿ ಸಣ್ಣದಾಯಿತು. “ಡಿಪೋದಾಗ ಹೇಳಬೇಕಂತ ಭಾಳ ಸಲ ಹೋಗೇನ್ರಿ. ಬಾಗಲ ತನಕ ಹೋಗಿ ತಿರಗಿ ಬಂದೇನಿ. ನಿಮ್ಮಂಥಾವರ ಹೊಟ್ಟಿ ಮ್ಯಾಲೆ ಹೆಂಗ ಹೊಡೀಲಿ ಅಂತ. ಆ ಮರಿ ಸತ್ತ ದಿನ ಮನಿಗಿ ಹೋಗಿ ಭಾಳ ಅತ್ತೇನ್ರಿ.”

ಎಮ್ಮೆಯ ಚಂದ, ಹಾಲಿನ ಗಾಡಿಯವನ ಸೊಕ್ಕು, ಹುಡುಗಿಯರ ಜಾತ್ರೆ ಎಲ್ಲವೂ ಒಂದೊಂದಾಗಿ ಅವನ ನೆನಪಿಗೆ ಬಂದವು. ತಾನು ಗೊಣಗುತ್ತ ಹೂಂಗುಡುತ್ತಿದ್ದ ಪ್ರತಿಯೊಂದು ಮಾತಿಗೂ ಒಂದೊಂದು ಜೀವ ಉಳಿದಿರಬಹುದು. ಅವಳಿಗೆ ಗಂಡನ ಮನೆಯಲ್ಲಿ ಮಾತಿಲ್ಲವೆಂದು ಕನಿಕರಪಟ್ಟಿದ್ದನಲ್ಲ, ಆ ಕನಿಕರ ನೆನೆದು ಅವನಿಗೆ ನಾಚಿಕೆಯಾಯಿತು. ಆದರೂ, ಖರೇ ಹೇಳಬೇಕೆಂದರೆ, ನಾಚಿಕೆಯ ಬೆನ್ನಿಗೇ ಒಂದು ಕಳ್ಳ ವಿಚಾರ ಬಂತು. ಬರೀ ಬಾಜು ಅಷ್ಟೇ ಆಗಿದ್ದರೆ? ಬಾಜು ನೋಡಲು ಇವಳಿದ್ದಾಳೆ, ಮುಂದೆ ನೋಡಲು ತಾನಿದ್ದೇನೆ. ನಿವೃತ್ತಿಯವರೆಗೆ ಹೇಗೋ ನೂಕಬಹುದು. ಮನುಷ್ಯನ ಮನಸ್ಸು ಎಂಥ ಹೊತ್ತಿನಲ್ಲಿಯೂ ಸಂದಿ ಹುಡುಕುತ್ತದೆ. ಆ ಸಂದಿಯನ್ನು ಮುಚ್ಚಿದ್ದು ಹಕ್ಕಿ. ಬಾಜು ಮೊದಲೇ ಹೋಗಿತ್ತು. ಇವತ್ತು ಹಕ್ಕಿಗೆ ಎಂಟು ಕಾಲು ಕಂಡವು, ಎಂದರೆ ಮುಂದಿನದೂ ಹೋಯಿತು.

“ಆದ್ರ ಹಕ್ಕಿ ಮಾತು ಸುಳ್ಳಲ್ರಿ ಕಾಕಾ,” ಎಂದಳು ಮಹಾನಂದಾ, ಅವನ ಮುಖ ಓದಿದವಳಂತೆ. “ಮರಿ ಖರೇನ ಅದಾವ. ನಿಂತ ನೋಡ್ರಿ, ಈಗ ಇಳಿತಾವ.”

ಅವನು ನಿಂತು ನೋಡಲಿಲ್ಲ. ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಇಷ್ಟು ತಿಂಗಳು ಅವಳು ಹೇಳಿದ ಸುಳ್ಳನ್ನೆಲ್ಲ ನಂಬಿ ಬದುಕಿದ್ದವನಿಗೆ, ಅವಳು ಹೇಳಿದ ಈ ಒಂದು ನಿಜ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವನ ಬೆನ್ನ ಹಿಂದೆ ಹಕ್ಕಿ ದೊಡ್ಡದೊಂದು ತಾವರೆ ಎಲೆಯ ಮೇಲೆ ಕುಕ್ಕರಿಸಿತು, ರೆಕ್ಕೆ ಸಡಿಲಿಸಿತು, ಬೆರಳುದ್ದದ ಮೂರು ಮರಿಗಳು ಕೆಳಗಿಳಿದು ತಮ್ಮ ತಮ್ಮ ಎರಡು ಕಾಲುಗಳ ಮೇಲೆ ಓಡಾಡಿದವು. ಮಹಾನಂದಾ ಒಬ್ಬಳೇ ನೋಡಿದಳು.

ಅಲ್ಲಿಂದ ಬಬಲೇಶ್ವರ ದೂರವಿರಲಿಲ್ಲ, ಆದರೂ ಆ ದಾರಿ ಅವನ ಜೀವಮಾನದಲ್ಲಿ ಅತಿ ಉದ್ದದ ದಾರಿಯಾಯಿತು. ಮಂದಿಯನ್ನು ಏರಿಯ ಮೇಲೆ ಬಿಡುವಂತಿರಲಿಲ್ಲ, ಮೋಡ ಕಪ್ಪಾಗುತ್ತಿತ್ತು. ಎತ್ತಿನ ಗಾಡಿಯೂ ಹಿಂದೆ ಹಾಕಬಹುದಾದಷ್ಟು ಮೆಲ್ಲಗೆ ಓಡಿಸಿದ. ಮಹಾನಂದಾ ಬಾಗಿಲಲ್ಲಿ ನಿಂತಳು. ಈ ಸಲ ಎಮ್ಮೆಯ ಚಂದದ ಮಾತಿರಲಿಲ್ಲ. “ಎಡಕ್ಕ ಸೈಕಲ್ಲರಿ.” “ಹೂಂ.” “ಎಡಕ್ಕ ಇಬ್ಬರು ಹೆಣ್ಣಮಕ್ಕಳು, ಕೂಸು ಅದ.” “ಹೂಂ.” “ಬಲಕ್ಕ ಮೋಟರಸೈಕಲ್ ಬರಾಕತ್ತದ.” “ಹೂಂ.” ಮೊದಲ ಸಲ ಇಬ್ಬರೂ ತಾವು ಮಾಡುತ್ತಿದ್ದ ಕೆಲಸವನ್ನು ಅದರ ಹೆಸರಿಟ್ಟು ಮಾಡುತ್ತಿದ್ದರು. ಅದರಲ್ಲಿ ಒಂದು ಬಗೆಯ ಹಗುರವೂ ಇತ್ತು. ಅದೇ ಹೊತ್ತಿಗೆ ಬೆತ್ತಲೆ ನಿಂತ ಹಾಗೂ ಆಗುತ್ತಿತ್ತು. ಹಿಂದಿನಿಂದ ಯಾರೋ, “ಏನ್ ಸಾಹೇಬ್ರ, ಮದವಿ ಮೆರವಣಿಗಿ ಹೊಂಟೀವೇನು?” ಎಂದರು. ಬಸ್ಸು ನಕ್ಕಿತು. ಭಾಗಪ್ಪ ಕನ್ನಡಿಯಲ್ಲಿ ನೋಡಲಿಲ್ಲ.

ಬಬಲೇಶ್ವರದ ಸ್ಟ್ಯಾ‍ಂಡಿನಲ್ಲಿ ಕಂಟ್ರೋಲರ್ ಅಬ್ದುಲಸಮದ ಕಿಟಕಿಯ ಒಳಗೆ ಚುರುಮುರಿ ತಿನ್ನುತ್ತಿದ್ದ. ತಡವಾಗಿದ್ದಕ್ಕೆ ಬೈಯಲು ಬಾಯಿ ತೆರೆದವನು ಭಾಗಪ್ಪನ ಮುಖ ನೋಡಿ ಸುಮ್ಮನಾದ. ಇವನೂ ಸುಮ್ಮನಾದನಲ್ಲ ಎಂದುಕೊಂಡ ಭಾಗಪ್ಪ.

“ನನಗ ಗಾಡಿ ಹೊಡಿಯಾಕ ಆಗಾಂಗಿಲ್ಲ ಸಮದಭಾಯಿ. ಕಣ್ಣ ಹೋಗ್ಯಾವ.”

“ಧೂಳ ಬಿದ್ದಿರಬೇಕು, ಮುಖಾ ತೊಳಕೊ. ಚಾ ತರಸಲೇನು?”

“ಧೂಳಲ್ಲ. ಕೆರಿಯಾಗ ಹಕ್ಕಿಗಿ ಎಂಟ ಕಾಲ ಕಂಡ್ವು.”

ಅಬ್ದುಲಸಮದನಿಗೆ ನಗು ತಡೆಯಲಾಗಲಿಲ್ಲ, ಚುರುಮುರಿ ಮೇಜಿನ ಮೇಲೆ ಚೆಲ್ಲಿತು. ಭಾಗಪ್ಪ ಅವನು ನಗುವುದು ಮುಗಿಯುವವರೆಗೆ ಕಾದ. ಅಷ್ಟು ವರ್ಷದ ಡ್ರೈವರಕಿಗೆ ಕೊನೆಯ ಮಾತು ಹೀಗಿರುತ್ತದೆಂದು ಅವನು ಎಣಿಸಿರಲಿಲ್ಲ. ಇನ್ನೂ ಗಂಭೀರವಾದದ್ದೊಂದು ಮಾತು ಇರಬೇಕಿತ್ತು. ನಗು ನಿಂತ ಮೇಲೆ, “ಹೋದ ತಿಂಗಳು ಆ ಕುರಿಮರಿ ಹಾರಿ ಬಂದಿರಲಿಲ್ಲ. ನನಗ ಅದು ಕಂಡಿರಲಿಲ್ಲ. ಹಂಗ ಬರಕೋ” ಎಂದ. ಅಬ್ದುಲಸಮದ ಕೈ ಒರೆಸಿಕೊಂಡು ಫೋನು ಎತ್ತಿದ.

ಬೆಳಗಿನ ಪಾಳಿ ಮುಗಿಸಿ ವಿಜಯಪುರಕ್ಕೆ ಹೊರಟಿದ್ದ ಯಲಗೂರಪ್ಪನೆಂಬ ಹರೆಯದ ಡ್ರೈವರು ಬಸ್ಸು ಒಯ್ಯಲು ಒಪ್ಪಿದ. ಈ ದಾರಿ ಅವನಿಗೆ ಹೊಸದು. ಭಾಗಪ್ಪ ಮೊದಲ ಸಲ ತನ್ನ ಬಸ್ಸನ್ನು ಮಂದಿಯ ಬಾಗಿಲಿನಿಂದ ಹತ್ತಿ, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತ. ಖಾಕಿಯ ಮೇಲೆ ಟವೆಲ್ಲು ಹೊದ್ದುಕೊಂಡ. ಮಹಾನಂದಾ ಟಿಕೀಟು ಕೊಡುತ್ತ ಹಾದುಹೋಗುವಾಗ ಅವನ ಮುಂದೆ ಒಂದು ಗಳಿಗೆ ನಿಂತಳು. ಅವಳ ಕಣ್ಣು ಕೆಂಪಾಗಿದ್ದವು. ಮಷೀನಿನ ಪಟ್ಟಿ ಸರಿಪಡಿಸಿಕೊಂಡು ಹಿಂದಕ್ಕೆ ಹೋದಳು. ಯಲಗೂರಪ್ಪ ಜೋರಾಗಿ ಓಡಿಸುತ್ತಿದ್ದ. ಇಂಜಿನು ಕುದಿಯಲಿಲ್ಲವೋ, ಅವನಿಗೆ ಆ ಚಿಂತೆ ಇರಲಿಲ್ಲವೋ, ಕೆರೆಯ ಏರಿಯ ಮೇಲೆ ಬಸ್ಸು ನಿಲ್ಲಲಿಲ್ಲ. ಭಾಗಪ್ಪ ಬೇಕೆಂದೇ ಬಲಗಡೆಯ ಹೊಲದ ಕಡೆ ಮುಖ ಮಾಡಿದ್ದ. ಮುಗಿಯಿತಲ್ಲ ಎಂಬ ಸಮಾಧಾನ ಬರುತ್ತದೆಂದು ಕಾಯುತ್ತಿದ್ದ. ಅದರ ಬದಲು ನಿದ್ದೆ ಬರುತ್ತಿತ್ತು, ಜ್ವರ ಬಿಟ್ಟವರಿಗೆ ಬರುವಂಥ ನಿದ್ದೆ.

ಜೈನಾಪುರದ ತಿರುವಿನಲ್ಲಿ ಬ್ರೇಕು ಕಿರುಚಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು, ಭಾಗಪ್ಪನ ಹಣೆ ಕಂಬಿಗೆ ತಾಗಿತು. ಗಾಜಿನಾಚೆ ರಸ್ತೆಯ ನಟ್ಟನಡುವೆ ಆರೇಳು ಮಂದಿ ಸಾಲಾಗಿ ನಿಂತಿದ್ದರು. ಕಂಕುಳಲ್ಲಿ ಕೂಸಿದ್ದ ಹೆಂಗಸು, ಕೋಲು ಹಿಡಿದ ಮುದುಕ, ಎಲ್ಲರಿಗಿಂತ ಮುಂದೆ, ಕಡಕ್ ರೊಟ್ಟಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡ ಬೋರವ್ವ. ಟಿಕೋಟಾದ ಖಾನಾವಳಿಗೆ ದಿನಾ ರೊಟ್ಟಿ ಒಯ್ಯುವವಳು.

“ಏ ಮುದುಕಿ!” ಯಲಗೂರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಚೀರಿದ. “ಸಾಯಾಕ ಬಂದೀಯೇನ ಬೇ? ಬಸ್ಸಿಗಿ ನಿಂದರೂದು ರಸ್ತಾದ ನಡುವೇನು?”

ಬೋರವ್ವ ಅಲ್ಲಾಡಲಿಲ್ಲ. ಬಸ್ಸು ಪೂರ್ತಿ ನಿಂತಿತೆಂದು ಖಾತ್ರಿಯಾದ ಮೇಲೆ ಉಳಿದವರನ್ನು ಬಾಗಿಲ ಕಡೆ ಕಳಿಸಿ, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. “ನೀ ಯಾಂವಪಾ? ನಮ್ಮ ಡ್ರೈವರ ಎಲ್ಲಿ? ನಾವೇನ ಹೌಸಿಗಿ ನಿಂತೀವೇನು? ಅಂಚಿಗಿ ನಿಂತ್ರ ಆಂವಗ ಕಾಣಾಂಗಿಲ್ಲ. ಕೈ ಮಾಡಿದ್ರೂ ಹಂಗ ಹೊಕ್ಕಾನ. ಅದಕ್ಕ ಊರ ಮಂದಿ ಎಲ್ಲಾ ನಡುವ ನಿಂದರತೀವಿ. ಭಾಳ ದಿನ ಆತು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನಮ್ಮೂರ ಬಾವಿಯ ನೀರು ಸವಳು, ಅದಕ್ಕೆ ಕುಡಿಯಲು ಆಚೆಯಿಂದ ತರುತ್ತೇವೆ ಎಂದು ಹೇಳಿದ ಹಾಗಿತ್ತು. ಮಹಾನಂದಾ ಹಿಂದಿನಿಂದ ಓಡಿಬಂದು, “ಸುಮ್ಮನ ಹತ್ತ ಬೇ ಯವ್ವಾ” ಎಂದು ಅವಳ ರಟ್ಟೆ ಹಿಡಿದಳು. ಬುಟ್ಟಿಯನ್ನು ಮೇಲಕ್ಕೆ ಕೊಟ್ಟು ಬೋರವ್ವ ಮೊಣಕಾಲು ಹಿಡಿದು ಹತ್ತಿದಳು. ಕೂಸಿನ ಹೆಂಗಸೂ ಹತ್ತಿ ಹಿಂದೆ ಹೋದಳು. ಆ ಕೂಸು ಹುಟ್ಟಿದಂದಿನಿಂದ ಹೀಗೆ ಬಸ್ಸಿನೆದುರು ನಿಂತೇ ಬೆಳೆದಿರಬೇಕು. ಅವರು ನಡುವೆ ನಿಂತದ್ದನ್ನು ಭಾಗಪ್ಪ ದಿನಾ ಕಂಡಿದ್ದ, ರಸ್ತೆಯ ರೀತಿ ಗೊತ್ತಿಲ್ಲದ ಮಂದಿ ಎಂದು ಬೈದಿದ್ದನೇ ಹೊರತು ಯಾಕೆಂದು ಕೇಳಿರಲಿಲ್ಲ. ತಾನು ಅವರನ್ನು ಊರಿಂದೂರಿಗೆ ಒಯ್ಯುತ್ತಿದ್ದೇನೆ ಎಂದು ತಿಳಿದಿದ್ದನಲ್ಲ, ಆ ಎಲ್ಲ ದಿನವೂ ಅವರು ಕೂಸುಕುನ್ನಿ ಸಮೇತ ಜೀವ ಒತ್ತೆಯಿಟ್ಟು ಅವನ ಮಾನ ಕಾಯುತ್ತಿದ್ದರು. ಡಿಪೋಕ್ಕೆ ಒಂದು ಅರ್ಜಿ ಕೊಟ್ಟವರಿಲ್ಲ, ಅವನ ಮುಂದೆ ಒಂದು ಸೊಲ್ಲು ಎತ್ತಿದವರಿಲ್ಲ. ಭಾಗಪ್ಪ ಟವೆಲ್ಲನ್ನು ಇನ್ನಷ್ಟು ಎಳೆದುಕೊಂಡ. ಖಾಲಿಯಿದ್ದದ್ದು ಅವನ ಪಕ್ಕದ ಸೀಟು ಒಂದೇ. ಬೋರವ್ವ ಬಂದು ಅಲ್ಲೇ ಕೂತಳು. ಆಧಾರ ಕಾರ್ಡು ತೆಗೆಯಲು ಎಲೆಯಡಿಕೆ ಚೀಲಕ್ಕೆ ಕೈ ಹಾಕಿದವಳು ಮೊದಲು ಖಾಕಿಯ ತೋಳು ನೋಡಿದಳು, ಆಮೇಲೆ ಮುಖ ನೋಡಿದಳು.

“ಅಯ್ಯ, ಇಲ್ಲೇ ಅದೀರೇನ್ರಿ ಸಾಹೇಬ್ರ?” ಆಡಿದ ಮಾತಿಗೆ ಅವಳಿಗೆ ಸ್ವಲ್ಪವೂ ಸಂಕೋಚವಿರಲಿಲ್ಲ. “ಆರಾಮಿಲ್ಲೇನು?”

“ಬಿಟ್ಟ್ನೆವ್ವಾ. ಇವತ್ತಿನಿಂದ ಗಾಡಿ ಬಿಟ್ಟ್ನಿ.”

ಅವಳು ಹೂಂ ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಬೆವರು ಒರೆಸಿಕೊಂಡಳು. ಯಲಗೂರಪ್ಪ ಇನ್ನೂ ಗೊಣಗುತ್ತಿದ್ದ. ಬಸ್ಸು ವೇಗ ಹಿಡಿಯಿತು, ಎಡಗಡೆಯ ಬೇಲಿ, ಗಿಡ, ದನ, ಮಂದಿ ಎಲ್ಲ ಇದ್ದಲ್ಲಿಯೇ ಇದ್ದವು, ಆಚೆ ಬದಿಯ ಕಿಟಕಿಗೆ ಪೂರ್ತಿ ಮುಖ ತಿರುಗಿಸಿದರೆ ಮಾತ್ರ ಅವನಿಗೆ ಕಾಣುತ್ತಿದ್ದವು.

“ಹಂಗಾರ ನಾಳಿಂದ ನಾವು ಎಲ್ಲಿ ನಿಂದರಬೇಕ್ರಿ?” ಎಂದು ಬೋರವ್ವ ಕೇಳಿದಳು. ಅವಳಿಗೆ ಬೇಕಾದದ್ದು ಅಷ್ಟೇ.

ಭಾಗಪ್ಪ ಹೊದ್ದಿದ್ದ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಅಂಚಿಗಿ ನಿಂದರ್ರಿ” ಎಂದ.

ಬೋರವ್ವ ಸೀಟಿನಲ್ಲೇ ಹಿಂದಕ್ಕೆ ತಿರುಗಿ, ಬಸ್ಸಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು: “ಕೇಳ್ರೆಪಾ, ನಾಳಿಂದ ಎಲ್ಲಾರೂ ಅಂಚಿಗಿ ನಿಂದರಬೇಕಂತ. ಡ್ರೈವರ ಸಾಹೇಬ್ರ ಹೇಳ್ಯಾರ.”